ಸೆಪ್ಟೆಂಬರ್ ಪ್ರಬೋಧನೆಗೆ ಮುಂಚೆ ಅಪ್ಪನಿಗೊಂದು ಪ್ರಶ್ನೆ

ರೋಮ್
14 ಜುಲೈ 2026

ಪ್ರೀತಿಯ ಅಪ್ಪ, ಅವ್ವ, ಅಕ್ಕ,

ಯೇಸುವಿಗೆ ಸ್ತೋತ್ರ. ನಾನಿಲ್ಲಿ ಆರಾಮಾಗಿದ್ದೇನೆ. ಊಟ, ನಿದ್ದೆ ಎಲ್ಲ ಸರಿಯಾಗಿ ನಡೆದಿದೆ, ಅವ್ವ ಚಿಂತೆ ಮಾಡುವುದು ಬೇಡ. ಬಿಸಿಲು ಮಾತ್ರ ವಿಪರೀತ. ವಿಶ್ವವಿದ್ಯಾಲಯಕ್ಕೆ ರಜೆ ಬಿದ್ದಿದೆ, ಊರಿನ ಜನ ಸಮುದ್ರದ ಕಡೆ ಹೊರಟಿದ್ದಾರೆ. ಉಳಿದವರು ಎಲ್ಲಿಗೂ ಹೋಗಲಾರದ ವಯಸ್ಸಾದವರು ಮತ್ತು ಅವರನ್ನು ನೋಡಿಕೊಳ್ಳಲು ಬೇರೆ ದೇಶಗಳಿಂದ ಬಂದ ಹೆಣ್ಣುಮಕ್ಕಳು. ನಾನು ಗುರುವಾಗಿ ಭಾನುವಾರದ ಪೂಜೆ ಅರ್ಪಿಸಲು ಹೋಗುವ ಧರ್ಮಕೇಂದ್ರದ ಚರ್ಚಿನಲ್ಲಿ ಈಗ ಮುಂದಿನ ಬೆಂಚುಗಳಲ್ಲಿ ಕಾಣುವುದು ಇವರೇ.

ಅವ್ವ, ಮೊನ್ನೆ ಫೋನಿನಲ್ಲಿ ನೀನು ಕೇಳಿದೆ, "ಆ ದೇಶದೋರಿಗೆ ನೀನು ಏನ್ ಹೇಳ್ತೀಯಪ್ಪಾ?" ಅಂತ. ಲೈನ್ ಕಟ್ಟಾಯಿತು, ಉತ್ತರ ಹೇಳಲಾಗಲಿಲ್ಲ. ಕಳೆದ ಭಾನುವಾರದ್ದನ್ನೇ ಹೇಳುತ್ತೇನೆ ಕೇಳು. ಭಾನುವಾರದ ಪೂಜೆಯಲ್ಲಿ ಓದುವ ಬೈಬಲ್ ವಾಚನಗಳು ಮೂರು ವರ್ಷಕ್ಕೊಂದು ಸುತ್ತು ಬರುತ್ತವೆ, ಈ ವರ್ಷ ಮತ್ತಾಯ ಬರೆದ ಶುಭಸಂದೇಶದ ಸರದಿ. ಇಲ್ಲಿ ಇಟಾಲಿಯನ್‌ನಲ್ಲಿ ನಾನು ಓದಿದ ಶುಭಸಂದೇಶವನ್ನೇ ಅವತ್ತು ನೀವೂ ಕನ್ನಡದಲ್ಲಿ ಕೇಳಿದ್ದೀರಿ: ಬಿತ್ತುವವನ ಸಾಮತಿ, ಯೇಸು ಹೇಳಿದ ದೃಷ್ಟಾಂತ ಕಥೆ. ಕೆಲವು ಕಾಳು ದಾರಿಗೆ ಬಿದ್ದವು, ಕೆಲವು ಬಂಡೆನೆಲಕ್ಕೆ, ಕೆಲವು ಮುಳ್ಳಿಗೆ, ಉಳಿದವು ಒಳ್ಳೆ ಮಣ್ಣಿಗೆ. ವಾಚನ ಮುಗಿದ ಮೇಲೆ ಗುರುಗಳು ಜನರಿಗೆ ಕೊಡುವ ಪ್ರಬೋಧನೆಯಲ್ಲಿ, ಈ ಕಥೆ ಬಂದಾಗ "ನೀವು ಯಾವ ಮಣ್ಣು?" ಎಂದು ಜನರನ್ನು ವಿಚಾರಿಸುವುದು ರೂಢಿ. ನನಗೆ ಅದನ್ನು ಓದಿದ ಕೂಡಲೇ ಕಣ್ಣಿಗೆ ಕಟ್ಟಿದ್ದು ನೀನು. ಮುಂದೆ ಅಪ್ಪ ಸಾಲು ಹೊಡೆಯುತ್ತಾ ಹೋಗುವುದು, ಹಿಂದೆ ನೀನು ಮೆಕ್ಕೆಜೋಳದ ಬೀಜ ಮಡಿಲಿಗೆ ಕಟ್ಟಿಕೊಂಡು ಗೇಣಿಗೊಂದು ಕಾಳು ಬಿಡುವುದು. ಒಂದು ಕಾಳು ಸಾಲಿನಾಚೆ ಬಿದ್ದರೂ ಬಗ್ಗಿ ಹೆಕ್ಕಿ ಒಳಗಿಟ್ಟು ಮಣ್ಣು ಮುಚ್ಚುತ್ತಿದ್ದೆ. ಬೀಜದ ಚೀಲಕ್ಕೆ ಕೊಟ್ಟ ದುಡ್ಡು ನಿನಗೆ ಗೊತ್ತಿತ್ತು. ಯೇಸು ಹೇಳಿದ ರೈತ ದಾರಿ, ಬಂಡೆ, ಮುಳ್ಳು ಏನನ್ನೂ ನೋಡದೆ ಎರಚುತ್ತಾನೆ. ನಮ್ಮ ದಾವಣಗೆರೆ ಸೀಮೆಯಲ್ಲಿ ಯಾರಾದರೂ ಹಾಗೆ ಬಿತ್ತಿದರೆ ಮನೆಯವರು ಸುಮ್ಮನಿರುತ್ತಾರೆಯೇ? ಹಾಗೆ ಬಿತ್ತಲು ಬೀಜ ತೀರುವ ಭಯವಿಲ್ಲದವನೇ ಬೇಕು. ದೇವರು ತನ್ನ ಮಾತನ್ನು ಕೊಡುವಾಗ ಮಣ್ಣು ಪರೀಕ್ಷೆ ಮಾಡಿ ಕೊಡುವುದಿಲ್ಲ, ಇಲ್ಲಿ ಬೆಳೆಯುವುದಿಲ್ಲ ಎಂದು ಯಾರನ್ನೂ ಬಿಟ್ಟು ಹೋಗುವುದಿಲ್ಲ. ಅವತ್ತು ನಾನು ಹೇಳಿದ್ದು ಇಷ್ಟೇ. ಪೂಜೆ ಮುಗಿದ ಮೇಲೆ ಒಬ್ಬ ಅಜ್ಜಿ ಬಂದು ನಿನ್ನ ಹೆಸರು ಕೇಳಿಕೊಂಡು ಹೋದರು.

ಅಕ್ಕ, ಇದನ್ನೆಲ್ಲ ಹೇಗೆ ಬರೆಯುತ್ತೀಯ ಎಂದು ನೀನು ಕೇಳಿದ್ದೆ. ಸೋಮವಾರ ಬೆಳಿಗ್ಗೆ ಮುಂದಿನ ಭಾನುವಾರದ ವಾಚನಗಳನ್ನು ಓದಿಬಿಡುತ್ತೇನೆ, ಏನೂ ಬರೆಯುವುದಿಲ್ಲ. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ರೋಗಿಗಳಿಗೆ ಪರಮಪ್ರಸಾದ ಕೊಡಲು ಹೋದಲ್ಲಿ ಅದು ತಲೆಯಲ್ಲಿ ತಿರುಗುತ್ತಿರುತ್ತದೆ. ವ್ಯಾಖ್ಯಾನದ ಪುಸ್ತಕ ತೆರೆಯುವುದು ಆಮೇಲೆ. ಗುರುವಾರ ಕನ್ನಡದಲ್ಲಿ ಬರೆಯುತ್ತೇನೆ, ಎದುರಿಗೆ ನೀವು ಮೂವರು ಕೂತಿದ್ದೀರಿ ಎಂದುಕೊಂಡು. ಅವ್ವನಿಗೆ ಅರ್ಥವಾಗದ ವಾಕ್ಯ ಅಲ್ಲೇ ಬಿದ್ದುಹೋಗುತ್ತದೆ. ಶುಕ್ರವಾರ ಇಟಾಲಿಯನ್.

ಶುಕ್ರವಾರ ಸಂಜೆ ಇಲ್ಲಿನ ಹಿರಿಯ ಗುರುಗಳು ನನ್ನನ್ನು ಖಾಲಿ ಚರ್ಚಿಗೆ ಕರೆದುಕೊಂಡು ಹೋಗುತ್ತಾರೆ. ಅವರಿಗೆ ಎಂಬತ್ತು ದಾಟಿದೆ. ನಾನು ವಾಚನಪೀಠದಲ್ಲಿ ನಿಲ್ಲಬೇಕು, ಅವರು ಕಟ್ಟಕಡೆಯ ಬೆಂಚಿನಲ್ಲಿ ಕಂಬದ ಪಕ್ಕ ಕೂರುತ್ತಾರೆ, ಮೈಕ್ ಹಾಕಲು ಬಿಡುವುದಿಲ್ಲ. ಕೈಯಲ್ಲಿ ನನ್ನ ಬರಹದ ಪ್ರತಿ, ಒಂದು ಮೋಟು ಪೆನ್ಸಿಲ್. ಓದಿ ಮುಗಿಸಿದ ಮೇಲೆ ದೇವಶಾಸ್ತ್ರದ ಬಗ್ಗೆ ಒಂದು ಮಾತೂ ಕೇಳುವುದಿಲ್ಲ. "ಗುರುವಾರ ಗಂಡನನ್ನು ಮಣ್ಣು ಮಾಡಿ ಬಂದ ಹೆಂಗಸು ಭಾನುವಾರ ಎರಡನೇ ಬೆಂಚಿನಲ್ಲಿ ಕೂತಿರುತ್ತಾಳೆ. ಇದರಲ್ಲಿ ಅವಳಿಗೆ ಏನಿದೆ?" ಎನ್ನುತ್ತಾರೆ. ಏನೂ ಇಲ್ಲದಿದ್ದರೆ ಪೆನ್ಸಿಲ್ ಕೆಲಸ ಶುರು. ವಾಕ್ಯದ ಕೊನೆಗೆ ದನಿ ಇಳಿಸಬೇಡ ಎಂದೂ ಹೇಳುತ್ತಾರೆ. ಇದು ನಮ್ಮ ಕನ್ನಡಕ್ಕೆ ಇನ್ನೂ ಹೆಚ್ಚು ಬೇಕಾದ ಬುದ್ಧಿಮಾತು. ಮಾಡಬೇಕೋ ಮಾಡಬಾರದೋ ಎಂಬುದೆಲ್ಲ ನಮ್ಮಲ್ಲಿ ಬರುವುದು ವಾಕ್ಯದ ತುದಿಯಲ್ಲೇ. ಅಲ್ಲಿ ದನಿ ಬಿದ್ದರೆ ಹಿಂದೆ ಕೂತವರಿಗೆ ಸಿಗುವುದೇನು?

ಅಪ್ಪ, ಪ್ರಬೋಧನೆ ಉದ್ದವಾದರೆ ಕೈಗಡಿಯಾರ ನೋಡಿಕೊಳ್ಳುವ ನಿಮ್ಮ ಅಭ್ಯಾಸಕ್ಕೆ ದೊಡ್ಡವರ ಬೆಂಬಲವಿದೆ. 2024ರ ಜೂನ್‌ನಲ್ಲಿ ಆಗ ಪೋಪ್ ಆಗಿದ್ದ ಫ್ರಾನ್ಸಿಸ್ ಜಗದ್ಗುರುಗಳು ಬುಧವಾರದ ಸಭೆಯಲ್ಲಿ, ಪ್ರಬೋಧನೆ 8 ನಿಮಿಷ ದಾಟಬಾರದು, ದಾಟಿದರೆ ಜನರ ಗಮನ ಹೋಗಿ ನಿದ್ದೆ ಬರುತ್ತದೆ, ಅದರಲ್ಲಿ ಅವರ ತಪ್ಪಿಲ್ಲ ಎಂದಿದ್ದರು. 2013ರಲ್ಲೇ ಅವರು ಇನ್ನೂ ಕಟುವಾಗಿ ಬರೆದಿದ್ದರು: ತಯಾರಿ ಮಾಡದೆ ಪ್ರಬೋಧನೆ ಕೊಡುವವನು ತನಗೆ ಸಿಕ್ಕ ವರಗಳಿಗೆ ಅಪ್ರಾಮಾಣಿಕ, ಹೊಣೆಗೇಡಿ ಎಂದು. ಈ ಮಾತು ನನಗೆ ನಾಟಿದೆ. ಪವಿತ್ರಾತ್ಮರು ನಡೆಸುತ್ತಾರೆ ಎಂದು ಬರಿಗೈಯಲ್ಲಿ ಪೀಠ ಹತ್ತುವುದು ನನ್ನ ಪಾಲಿಗೆ ಭಕ್ತಿಯಲ್ಲ. ಫ್ರಾನ್ಸಿನ ಆರ್ಸ್ ಊರಿನ ಸಂತ ಜಾನ್ ವಿಯಾನ್ನಿ, ಧರ್ಮಕೇಂದ್ರದ ಗುರುಗಳ ಪಾಲಕ ಸಂತ, ಓದಿನಲ್ಲಿ ಬಹಳ ಹಿಂದೆ ಬಿದ್ದಿದ್ದವರು. ಆರಂಭದ ವರ್ಷಗಳಲ್ಲಿ ಇಡೀ ಪ್ರಬೋಧನೆ ಕೈಯಾರೆ ಬರೆದು ಬಾಯಿಪಾಠ ಮಾಡುತ್ತಿದ್ದರಂತೆ. ಅಂಥವರೇ ಅಷ್ಟು ದುಡಿದಿದ್ದಾರೆ. ಲೋಕದ ಕಥೋಲಿಕ ಬಿಷಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಪ್ರಬೋಧನೆಯನ್ನು ಪೂಜೆಯದೇ ಒಂದು ಭಾಗ ಎಂದು ಸಾರಿತು, ಜನ ಸೇರುವ ಭಾನುವಾರದ ಪೂಜೆಯಲ್ಲಿ ಗಂಭೀರ ಕಾರಣವಿಲ್ಲದೆ ಬಿಡಬಾರದು ಎಂದಿತು. ಪೂಜೆಯ ಭಾಗವಾದ ಮೇಲೆ ಅದಕ್ಕೂ ಅಷ್ಟೇ ಮಡಿ, ಅಷ್ಟೇ ಶ್ರದ್ಧೆ ಬೇಡವೇ?

ಈಗ ಮುಖ್ಯ ವಿಷಯ. ಸೆಪ್ಟೆಂಬರ್‌ನಲ್ಲಿ ಊರಿಗೆ ಬರುತ್ತಿದ್ದೇನೆ. 8ನೇ ತಾರೀಖು ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ನಿಮ್ಮ ಜೊತೆಗಿರುತ್ತೇನೆ. 13ರ ಭಾನುವಾರ ನಮ್ಮ ಚರ್ಚಿನಲ್ಲಿ ಪೂಜೆ, ಪ್ರಬೋಧನೆ ಎರಡೂ ನನ್ನವೇ ಎಂದು ನಮ್ಮ ಫಾದರ್ ಹೇಳಿದ್ದಾರೆ. ಅವತ್ತಿನ ಶುಭಸಂದೇಶ ಮತ್ತಾಯ 18, ಸಾಲ ಮನ್ನಾ ಆದ ಸೇವಕನ ಕಥೆ. ರಾಜನಿಗೆ ಹತ್ತು ಸಾವಿರ ತಲಾಂತು ಕೊಡಬೇಕಾದವನಿಗೆ ರಾಜ ಎಲ್ಲ ಬಿಟ್ಟುಬಿಡುತ್ತಾನೆ. ಅವನು ಹೊರಗೆ ಬಂದು, ತನಗೆ ನೂರು ದಿನಾರಿ ಕೊಡಬೇಕಾದ ಜೊತೆಗಾರನ ಕತ್ತು ಹಿಡಿಯುತ್ತಾನೆ.

ಒಂದು ದಿನಾರಿ ಎಂದರೆ ಆಗಿನ ಕಾಲದ ಒಂದು ದಿನದ ಕೂಲಿ. ಒಂದು ತಲಾಂತಿಗೆ ಸುಮಾರು ಆರು ಸಾವಿರ ದಿನಾರಿ. ಲೆಕ್ಕ ಹಾಕಿ ಅಪ್ಪ: ಹತ್ತು ಸಾವಿರ ತಲಾಂತು ಎಂದರೆ ಆರು ಕೋಟಿ ದಿನದ ಕೂಲಿ, ವರ್ಷಕ್ಕೆ 300 ದಿನ ದುಡಿದರೂ ಎರಡು ಲಕ್ಷ ವರ್ಷ. ತೀರುವ ಸಾಲವೇ ಅಲ್ಲ ಅದು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಹೇಳಿ, "ಅದರ ಮುಂದೆ ನೂರು ದಿನಾರಿ ಯಾವ ಲೆಕ್ಕ?" ಎಂದು ಮುಗಿಸುತ್ತಾರೆ. ನನಗೆ ಇಲ್ಲಿ ಒಪ್ಪಿಗೆಯಿಲ್ಲ. ನೂರು ದಿನಾರಿ ನೂರು ದಿನದ ಕೂಲಿ. ಉದ್ಯೋಗ ಖಾತ್ರಿ ಕಾನೂನು 2005ರಲ್ಲಿ ಬಂದಾಗ ಒಂದು ಮನೆಗೆ ಇಡೀ ವರ್ಷಕ್ಕೆ ಕೊಟ್ಟ ಭರವಸೆ ನೂರು ದಿನದ ಕೆಲಸ. ನಮ್ಮೂರಿನ ಕೂಲಿಯ ಹೆಣ್ಣುಮಕ್ಕಳಿಗೆ ನೂರು ದಿನದ ಕೂಲಿ ಹೋದರೆ ಏನಾಗುತ್ತದೆ ಎಂದು ಗೊತ್ತು. ಯೇಸು ಬೇಕೆಂದಿದ್ದರೆ ಎರಡು ದಿನಾರಿ ಎನ್ನಬಹುದಿತ್ತು, ಹಾಗೆ ಹೇಳಲಿಲ್ಲ. ನಮಗೆ ಬೇರೆಯವರು ಮಾಡಿದ ಅನ್ಯಾಯ ನಿಜವಾದದ್ದು, ಭಾರವಾದದ್ದು ಎಂದು ಒಪ್ಪಿಕೊಂಡೇ ಕ್ಷಮಿಸು ಎನ್ನುತ್ತಾರೆ. ನಾನು ಅಲ್ಲಿಂದ ಶುರು ಮಾಡಬೇಕೆಂದಿದ್ದೇನೆ.

ಇನ್ನೊಂದು ಎಚ್ಚರ ಇದೆ. ಕುಡಿದು ಬಂದು ಹೊಡೆಯುವ ಗಂಡನಿರುವ ಹೆಣ್ಣುಮಗಳು ಆ ಗುಂಪಿನಲ್ಲಿ ಕೂತಿರುತ್ತಾಳೆ. ಎಷ್ಟು ಸಾರಿಯಾದರೂ ಕ್ಷಮಿಸು ಎಂದರೆ ಅವಳ ಕಿವಿಗೆ ಹೊಡೆಸಿಕೊಂಡಿರು ಎಂದು ಬೀಳಬಾರದು. ಅದಕ್ಕೇ ಹಿಂದಿನ ಭಾನುವಾರದ ವಾಚನವನ್ನೂ ನೆನಪಿಸುತ್ತೇನೆ. ಅದೇ ಅಧ್ಯಾಯದಲ್ಲಿ ಯೇಸು ಮೊದಲು ಹೇಳುವುದು, ನಿನ್ನ ಸೋದರ ತಪ್ಪು ಮಾಡಿದರೆ ಹೋಗಿ ಅವನಿಗೆ ನೇರವಾಗಿ ತಿಳಿಸು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಅದಕ್ಕೂ ಬಗ್ಗದಿದ್ದರೆ ಸಭೆಗೆ ತಿಳಿಸು. ತಪ್ಪನ್ನು ತಪ್ಪು ಎನ್ನುವುದು ಮೊದಲು, ಕ್ಷಮೆ ಆಮೇಲೆ.

ಅಪ್ಪ, ಇಲ್ಲಿಗೆ ಬಂದಾಗ ನನ್ನ ಪೆನ್ನು ನಿಂತಿತು. ಆ ವರ್ಷ ಮೆಕ್ಕೆಜೋಳ ಮಾರಿ ಬಂದ ದುಡ್ಡನ್ನು ನೀವು ಚಿಕ್ಕಪ್ಪನ ಬೋರ್‌ವೆಲ್ಲಿಗೆ ಕೊಟ್ಟಿರಿ. ನೀರು ಬಂತು, ಅಡಿಕೆ ಎದ್ದಿತು, ದುಡ್ಡು ಮಾತ್ರ ವಾಪಸ್ ಬರಲಿಲ್ಲ. ಅಕ್ಕನ ಮದುವೆಗೆ ನೀವು ಸೊಸೈಟಿಯಲ್ಲಿ ಸಾಲ ಎತ್ತಿದಿರಿ. ಅವತ್ತಿನಿಂದ ಚರ್ಚಿನಲ್ಲಿ ನೀವು ಗಂಡಸರ ಸಾಲಿನ ಈ ತುದಿ, ಚಿಕ್ಕಪ್ಪ ಆ ತುದಿ. ಪೀಠದಿಂದ ನಿಮ್ಮಿಬ್ಬರ ವಿಷಯ ನಾನು ಎತ್ತುವುದಿಲ್ಲ. ಯಾರನ್ನೇ ಆಗಲಿ ಪೀಠದಿಂದ ಚುಚ್ಚುವುದು ದೊಡ್ಡ ಪಾಪ ಎಂದು ನಂಬಿದ್ದೇನೆ, ಉತ್ತರ ಕೊಡಲು ಅವರಿಗೆ ಅಲ್ಲಿ ಮೈಕ್ ಇರುವುದಿಲ್ಲ. ಆದರೆ ಊರಿಗೆಲ್ಲ ಗೊತ್ತಿರುವ ವಿಷಯ. ನಾನು ಸಾಲ ಎಂದ ಕೂಡಲೇ ನಾಲ್ಕು ಜನ ನಿಮ್ಮ ಕಡೆ ತಿರುಗಿ ನೋಡುತ್ತಾರೆ, ನಾಲ್ಕು ಜನ ಚಿಕ್ಕಪ್ಪನ ಕಡೆ. ಅದು ನಿಮಗೆ ನೋವಾಗುವುದಾದರೆ ಹೇಳಿಬಿಡಿ, ಪೂಜೆ ನಾನು ಮಾಡುತ್ತೇನೆ, ಅವತ್ತಿನ ಪ್ರಬೋಧನೆಯನ್ನು ನಮ್ಮ ಫಾದರ್‌ಗೇ ಬಿಟ್ಟುಕೊಡುತ್ತೇನೆ. ನನಗೆ ಒಂದಿಷ್ಟೂ ಬೇಜಾರಿಲ್ಲ.

ಆಗಲಿ ಎನ್ನುವುದಾದರೆ ನನ್ನದೊಂದು ಪ್ರಶ್ನೆ. ಆ ದುಡ್ಡಿನಲ್ಲಿ ನಿಮ್ಮನ್ನು ಈಗಲೂ ಕೊರೆಯುವುದು ಯಾವುದು? ದುಡ್ಡೇ? ಅಕ್ಕನ ಮದುವೆಯ ಹೊತ್ತಿಗೆ ಚಿಕ್ಕಪ್ಪ ಒಂದು ಮಾತೂ ಆಡದೇ ಇದ್ದದ್ದೇ? ಯಾವತ್ತಾದರೂ ಅವರ ಮನೆಗೆ ಹೋಗಿ ನೀವೇ ಎದುರಿಗೆ ಹೇಳಿದ್ದುಂಟೇ? ಮಗನಾಗಿ ಕೇಳಲು ನನಗೆ ಸಂಕೋಚ. ಆದರೂ ಕ್ಷಮೆಯ ಬಗ್ಗೆ ನಾನು ಓದಿದ್ದೆಲ್ಲ ಪುಸ್ತಕದ್ದು, ನೀವು ಹೊತ್ತುಕೊಂಡಿರುವುದು ಇಷ್ಟು ವರ್ಷದ್ದು. ನಿಮ್ಮ ಮಾತನ್ನು ಪ್ರಬೋಧನೆಯಲ್ಲಿ ಬಳಸುವುದಿಲ್ಲ. ಕೇಳಿಕೊಂಡರೆ, ಏನನ್ನು ಹಗುರವಾಗಿ ಹೇಳಬಾರದು ಎಂದು ನನಗೆ ತಿಳಿಯುತ್ತದೆ. ಬರೆಯುವುದು ಕಷ್ಟವಾದರೆ ಅಕ್ಕನ ಫೋನಿನಲ್ಲಿ ವಾಯ್ಸ್ ಮೆಸೇಜ್ ಮಾಡಿ. ಮನಸ್ಸಿಲ್ಲದಿದ್ದರೆ ಬೇಡ, ಬಂದಾಗ ಹೊಲದ ಬದುವಿನ ಮೇಲೆ ಕೂತು ಮಾತಾಡೋಣ.

ಅಕ್ಕ, ಚರ್ಚಿನಲ್ಲಿ ಓದುವ ಕನ್ನಡ ವಾಚನಗ್ರಂಥದಿಂದ ಸಾಧಾರಣ ಕಾಲದ 24ನೇ ಭಾನುವಾರದ, ಅಂದರೆ ಆ 13ನೇ ತಾರೀಖಿನ, ಪುಟಗಳ ಫೋಟೋ ತೆಗೆದು ವಾಟ್ಸಾಪ್ ಮಾಡು. ಮೊದಲ ವಾಚನ, ಕೀರ್ತನೆ 103, ಶುಭಸಂದೇಶ ಮೂರೂ ಬೇಕು. ಜನ ಯಾವ ಮಾತಿನಲ್ಲಿ ಕೇಳುತ್ತಾರೋ ಅದೇ ಮಾತಿನಿಂದ ನಾನು ಕಟ್ಟಬೇಕು. ಹಾಗೆಯೇ ಈಚೆಗೆ ಯಾರ ಮನೆಯಲ್ಲಿ ಸಾವಾಗಿದೆ, ಯಾರು ಆಸ್ಪತ್ರೆಯಲ್ಲಿದ್ದಾರೆ, ಬಂದ ಮೇಲೆ ಯಾರನ್ನೆಲ್ಲ ನೋಡಿ ಬರಬೇಕು ಎಂದು ತಿಳಿಸು. ಅವ್ವ, ಮಳೆ ಹೇಗಿದೆ, ಈ ಸಲ ಜೋಳಕ್ಕೆ ಹುಳ ಬಿದ್ದಿದೆಯೇ ಎಂದು ನೀನೇ ಹೇಳಿ ಬರೆಸು.

ನಿಮ್ಮೆಲ್ಲರಿಗಾಗಿ ದಿನವೂ ಪೂಜೆಯಲ್ಲಿ ಪ್ರಾರ್ಥಿಸುತ್ತೇನೆ.

ಇಂತಿ ನಿಮ್ಮ ಪ್ರೀತಿಯ ಮಗ