ಭಾನುವಾರ ಲೋಹಶೋಧಕ ಯಂತ್ರ ಹಿಡಿದು ಭೀಮೆಯ ಮರಳಿಗೆ ಬರುವವರಿಗೆ

ಬೆಳಿಗ್ಗೆ 6ಕ್ಕೆ ಗಾಣಗಾಪುರದಲ್ಲಿ ಸೇರೋಣ. ಭೀಮಾ–ಅಮರ್ಜಾ ಸಂಗಮದ ಸ್ನಾನಘಟ್ಟಕ್ಕೆ ಯಂತ್ರ ತರಬೇಡಿ, ಭಕ್ತರಿಗೆ ಕಿರಿಕಿರಿ. ಕೆಳಗಿನ ಮರಳದಿಬ್ಬ ಸಾಕು. ಸೊನ್ನ ಬ್ಯಾರೇಜಿನಿಂದ ನೀರು ಬಿಡುವ ಸುದ್ದಿ ಬಂದರೆ ಕಾರ್ಯಕ್ರಮ ರದ್ದು, ಚರ್ಚೆ ಬೇಡ.

ಗೋಕರ್ಣದ ಉಪ್ಪು ಮರಳಿಗೆ ಹೊಂದಿಸಿದ ಯಂತ್ರವನ್ನು ಹಾಗೆಯೇ ತಂದರೆ ಇಲ್ಲಿ ಕೆಲಸಕ್ಕೆ ಬಾರದು. ಭೀಮೆ ಬಸಾಲ್ಟ್ ನೆಲದಿಂದ ಕಪ್ಪು ಕಬ್ಬಿಣದ ಕಣಗಳನ್ನು ಹೊತ್ತು ತರುತ್ತಾಳೆ. ಯಂತ್ರ ಸುಮ್ಮನೆ ಕೂಗುತ್ತದೆ. ಮೊದಲು ಗ್ರೌಂಡ್ ಬ್ಯಾಲೆನ್ಸ್ ಮಾಡಿ, ಅಂದರೆ ನೆಲದ ಖನಿಜಕ್ಕೆ ಕೂಗದಂತೆ ಯಂತ್ರವನ್ನು ಹೊಂದಿಸಿ; ಆಮೇಲೂ ಕೂಗಿದರೆ ಸೂಕ್ಷ್ಮತೆ ಇಳಿಸಿ. ಕಬ್ಬಿಣವನ್ನು ಪೂರ್ತಿ ತಳ್ಳಿಹಾಕುವ ಆಯ್ಕೆ ಬೇಡ: ಈಗಿನ 1, 2 ರೂಪಾಯಿ ನಾಣ್ಯಗಳು ಆಯಸ್ಕಾಂತಕ್ಕೆ ಅಂಟುವ ಉಕ್ಕು. ಕಳೆದ ಸಲ ನಾನು ಮೊಣಕೈ ಆಳಕ್ಕೆ ತೋಡಿದಾಗ ಸಿಕ್ಕಿದ್ದು ಚಪ್ಪಟೆಯಾದ ಬಿಯರ್ ಡಬ್ಬಿ. ಅಲ್ಲಿಗೆ ಹೇಗೆ ಬಂತೋ, ದತ್ತನೇ ಬಲ್ಲ.

ಸನ್ನತಿಗೆ ಹೋಗೋಣವೆಂದು ಇಬ್ಬರು ಕೇಳಿದ್ದಾರೆ. ಸಾಧ್ಯವಿಲ್ಲ. ಅಶೋಕನ ಶಾಸನ ಸಿಕ್ಕ ನೆಲದಲ್ಲಿ ನಮ್ಮ ಸಲಿಕೆಗೆ ಏನು ಕೆಲಸ? ಎಲ್ಲೇ ಆಗಲಿ, ಹಳೆಯ ನಾಣ್ಯ ಸಿಕ್ಕರೆ ಉಜ್ಜಬೇಡಿ, ಜೇಬಿಗೂ ಹಾಕಬೇಡಿ. ಜಾಗದ ಫೋಟೊ ತೆಗೆದು ಜಿಲ್ಲಾಧಿಕಾರಿ ಕಚೇರಿಗೆ ತಿಳಿಸಬೇಕು.

ತೋಡಿದ ಗುಂಡಿ ಮುಚ್ಚದವರು ಎಲ್ಲರಿಗೂ ಸುಸಲಾ ಕೊಡಿಸಬೇಕು.