ಕೌಂಟರಿನಲ್ಲಿ ಇರುವ ಎಲ್ಲರಿಗೂ: ಚೀಟಿ ನೋಡಿ ಔಷಧ ಕೊಡುವಾಗ

ನಮಸ್ಕಾರ. ಮಧ್ಯಾಹ್ನ ಒಪಿಡಿ ಬಿಟ್ಟ ಮೇಲೆ ನಮ್ಮ ವಿಜಯಪುರದ ಅಂಗಡಿಗಳಲ್ಲಿ ಎಷ್ಟು ಗದ್ದಲ ಅಂತ ಗೊತ್ತಲ್ವಾ. "ಇಂಡಿ ಬಸ್ ಹೋಗತೈತ್ರಿ, ಲಗೂ ಕೊಡ್ರಿ" ಅನ್ನುತ್ತಾರೆ. ಅನ್ನಲಿ ಬಿಡಿ. ಚೀಟಿ ಪೂರ್ತಿ ಓದದೆ ಕೈ ರ‍್ಯಾಕಿಗೆ ಹೋಗಬಾರದು. ಹೆಸರು, ವಯಸ್ಸು, ಎಷ್ಟು ಎಂಜಿ, ದಿನಕ್ಕೆ ಎಷ್ಟು ಸಲ, ಎಲ್ಲ ನೋಡಿ. ಮಗುವಿನ ಚೀಟಿಯಾದರೆ ತೂಕವನ್ನೂ ಕೇಳಿ. ಅಕ್ಷರ ತಿಳಿಯದಿದ್ದರೆ ಊಹೆ ಬೇಡ, ಡಾಕ್ಟರಿಗೆ ಫೋನ್ ಮಾಡಿ.

ಮೆಥೊಟ್ರೆಕ್ಸೇಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಸಂಧಿವಾತಕ್ಕೆ ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವುದು. ದಿನಾ ನುಂಗಿದರೆ ರಕ್ತಕಣಗಳು ಕುಸಿದು ಜೀವಕ್ಕೇ ಅಪಾಯ. ಕವರಿನ ಮೇಲೆ 'ವಾರಕ್ಕೊಮ್ಮೆ' ಅಂತ ಬರೆದರೆ ಸಾಲದು. 'ಸೋಮವಾರ ಮಾತ್ರ' ಅಂತ ವಾರದ ಹೆಸರನ್ನೇ ಬರೆದು, ಬಾಯಲ್ಲೂ ಹೇಳಿ. ಜೊತೆಗೆ ಬರೆಯುವ ಫೋಲಿಕ್ ಆಸಿಡ್ ಕೂಡ ಹೆಚ್ಚಾಗಿ ಸಣ್ಣ ಹಳದಿ ಗುಳಿಗೆಯೇ. ಎರಡನ್ನೂ ಒಂದೇ ಕವರಿಗೆ ಹಾಕಲೇಬೇಡಿ.

ಇನ್ಸುಲಿನ್: ಒಂದು ಮಿಲಿಗೆ 40 ಯೂನಿಟ್ ಇರುವ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಬಣ್ಣದ್ದು.

ಸ್ಟ್ರಿಪ್ ಕತ್ತರಿಸುವಾಗ ಬ್ಯಾಚ್ ನಂಬರ್, ಎಕ್ಸ್‌ಪೈರಿ ಇರುವ ತುದಿಯನ್ನು ಕೊನೆಯವರೆಗೂ ಉಳಿಸಿ. ಎಚ್1 ಪಟ್ಟಿಯ ಔಷಧ (ಕೆಲವು ಆಂಟಿಬಯೋಟಿಕ್, ನಿದ್ದೆ ಗುಳಿಗೆಯಂಥವು) ಕೊಟ್ಟ ಕೂಡಲೇ ರಿಜಿಸ್ಟರಿನಲ್ಲಿ ಬರೆಯಿರಿ, ಅದನ್ನು 3 ವರ್ಷ ಇಡಬೇಕು. ರಾತ್ರಿ ಕೂತು ನೆನಪಿನಿಂದ ತುಂಬುವ ಚಟ ಬಿಡಿ.

ಗಿರಾಕಿ ಕೈಗೆ ಕೊಡುವ ಮುನ್ನ ಫಾರ್ಮಾಸಿಸ್ಟ್ ಒಮ್ಮೆ ನೋಡಲೇಬೇಕು. ಅವರು ಚಹಾಕ್ಕೆ ಹೋಗಿದ್ದರೆ ಬರುವ ತನಕ ಕಾಯಿರಿ.