ಆಳಂದ ತಾಲ್ಲೂಕಿನಿಂದ ದಾವಣಗೆರೆ ಸಂಸದೆ ಡಾ. ಪ್ರಭಾ ಮಲ್ಲಿಕಾರ್ಜುನ ಅವರಿಗೊಂದು ಬಹಿರಂಗ ಪತ್ರ

ಪ್ರಭಾ ಅಕ್ಕಾವರಿಗೆ, ಶರಣು ಶರಣಾರ್ಥಿ.

ನಾನು ನಿಮ್ಮ ಮತದಾರಳಲ್ಲ. ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನವಳು. ಜಿಲ್ಲೆ ಕಲಬುರಗಿಯಾದರೂ ನಮ್ಮ ಎಂ.ಪಿ. ಓಟು ಬೀದರ್ ಕ್ಷೇತ್ರಕ್ಕೆ ಹೋಗುತ್ತದೆ. ನಮ್ಮ ಸಂಸದರನ್ನು ಬಿಟ್ಟು ನಿಮಗ್ಯಾಕೆ ಬರೆಯುತ್ತಿದ್ದೀನಿ ಅಂದರೆ, ಇದು ಹೆಣ್ಣುಮಗಳ ಮುಂದೆ ಬಿಚ್ಚಿಡಬೇಕಾದ ಮಾತು. ಬೀದರ್ ಆಗಲಿ ಕಲಬುರಗಿ ಆಗಲಿ 1952ರಿಂದ ಇಲ್ಲಿಯತನಕ ಒಬ್ಬ ಹೆಣ್ಣುಮಗಳನ್ನೂ ಲೋಕಸಭೆಗೆ ಕಳಿಸಿಲ್ಲ. ಬಳ್ಳಾರಿಯವರು 1999ರಲ್ಲಿ ಸೋನಿಯಾ ಗಾಂಧಿಯವರನ್ನು, 2009ರಲ್ಲಿ ಜೆ. ಶಾಂತಾ ಅವರನ್ನು ಗೆಲ್ಲಿಸಿದರು. ನಮಗೆ ಆ ಭಾಗ್ಯ ಬಂದಿಲ್ಲ.

2024ರಲ್ಲಿ ದಾವಣಗೆರೆ ಫಲಿತಾಂಶವನ್ನು ಟಿ.ವಿ. ಮುಂದೆ ಕೂತು ಕೊನೆತನಕ ನೋಡಿದೆ. ಎರಡೂ ದೊಡ್ಡ ಪಕ್ಷಗಳಿಂದ ಹೆಣ್ಣುಮಕ್ಕಳೇ ನಿಂತಿದ್ದ ಕ್ಷೇತ್ರ. 26,094 ಮತಗಳ ಅಂತರದಿಂದ ನೀವು ಗೆದ್ದಿರಿ, ದಾವಣಗೆರೆಯ ಮೊದಲ ಸಂಸದೆಯಾದಿರಿ. ಆ ಪ್ರಚಾರದಲ್ಲಿ ನಿಮ್ಮ ಮಾವನವರಾದ ಶಾಮನೂರು ಶಿವಶಂಕರಪ್ಪನವರು ನಿಮ್ಮ ಎದುರು ಬಿಜೆಪಿಯಿಂದ ನಿಂತಿದ್ದ ಗಾಯತ್ರಿ ಸಿದ್ದೇಶ್ವರ ಅವರನ್ನು ಕುರಿತು ‘ಅಡುಗೆ ಮಾಡಲಿಕ್ಕಷ್ಟೇ ಲಾಯಕ್ಕು’ ಎಂಬರ್ಥದ ಮಾತಾಡಿದ್ದು ಪತ್ರಿಕೆಗಳಲ್ಲೆಲ್ಲ ಬಂತು. ಹಿರಿಯರು ಈಗಿಲ್ಲ, ಅವರನ್ನು ದೂರಲು ಇದನ್ನು ಎತ್ತುತ್ತಿಲ್ಲ. ಆದರೆ ಆ ಮಾತು ಗಾಯತ್ರಿಯವರೊಬ್ಬರಿಗೇ ತಾಗಲಿಲ್ಲ ಅಕ್ಕಾರೆ, ಎರಡೂವರೆ ವರ್ಷ ಗ್ರಾಮ ಪಂಚಾಯ್ತಿ ಅಧ್ಯಕ್ಷಳಾಗಿದ್ದ ನನಗೂ ತಾಗಿತು.

ನಿಮ್ಮನ್ನು ‘ಶಾಮನೂರು ಮನೆತನದ ಸೊಸೆ’ ಅಂತಲೇ ಕರೆದವರು ಬಹಳ. ನಮ್ಮ ಕಡೆ ಕಲಬುರಗಿಯಿಂದ ಗೆದ್ದವರು ಖರ್ಗೆಯವರ ಅಳಿಯ, ಬೀದರ್‌ನಿಂದ ಗೆದ್ದವರು ಈಶ್ವರ ಖಂಡ್ರೆಯವರ ಮಗ. ಅವರನ್ನು ಯಾರೂ ಹಾಗೆ ತಡವಿ ಕೇಳಲಿಲ್ಲ. ಮನೆತನದ ಬಾಗಿಲಿಂದ ಬಂದಿರೆಂದು ನಾನಂತೂ ನಿಮ್ಮನ್ನು ಹಂಗಿಸುವುದಿಲ್ಲ, ಯಾಕೆಂದರೆ ನಾನೂ ಬಂದದ್ದು ಹಾಗೆಯೇ. ವಾರ್ಡು ಮಹಿಳೆಗೆ ಮೀಸಲಾಯಿತು, ಯಜಮಾನರು ನನ್ನ ಹೆಸರು ಬರೆಸಿದರು. ಮೊದಲ ಆರು ತಿಂಗಳು ಠರಾವು ಪುಸ್ತಕ ಮನೆಗೇ ಬರುತ್ತಿತ್ತು. ‘ಬಾಯಾರ, ಇಲ್ಲಿ ಸಹಿ ಮಾಡ್ರಿ, ಮುಂದಿನದು ಯಜಮಾನ್ರು ನೋಡ್ಕೋತಾರ’ ಅನ್ನುತ್ತಿದ್ದರು. ಒಂದು ದಿನ ಉದ್ಯೋಗ ಖಾತ್ರಿಯ ಕೂಲಿ ಬಂದಿಲ್ಲವೆಂದು ಹೆಣ್ಣಾಳುಗಳು ನನ್ನ ಅಂಗಳಕ್ಕೇ ಬಂದು ಕೂತರು. ಸಹಿ ನಂದು, ಆದರೆ ಏನಕ್ಕೆ ಹಾಕಿದೆನೋ ನನಗೇ ಗೊತ್ತಿರಲಿಲ್ಲ. ಅವತ್ತಿನ ನಾಚಿಕೆ ಇನ್ನೂ ಹೋಗಿಲ್ಲ. ಮರುದಿನದಿಂದ ಪುಸ್ತಕ ಮನೆಗೆ ತರಬೇಡಿ ಅಂದೆ, ನಾನೇ ಆಫೀಸಿಗೆ ಹೋಗಿ ಕುರ್ಚಿಯಲ್ಲಿ ಕೂತೆ. ಮನೆಯಲ್ಲಿ ಆದ ಜಗಳ ಇಲ್ಲಿ ಬೇಡ.

ಕುರ್ಚಿಯಲ್ಲಿ ಕೂತು ಕೆಲಸ ಕಲಿತ ಮೇಲೆ ಮುಂದೆ ಹೋಗಲು ಮೆಟ್ಟಿಲೇ ಇರಲಿಲ್ಲ. ಪಂಚಾಯ್ತಿಯಲ್ಲಿ ನಮಗೆ ಅರ್ಧ ಜಾಗ ಇದೆ. ಅಲ್ಲಿಂದ ತಾಲ್ಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿ, ಆಮೇಲೆ ವಿಧಾನಸಭೆ, ಲೋಕಸಭೆ. ಮನೆತನದ ಹೆಸರಿಲ್ಲದ ಹೆಂಗಸಿಗೆ ಇರುವ ದಾರಿ ಇದೊಂದೇ. ಆದರೆ ತಾಲ್ಲೂಕು, ಜಿಲ್ಲಾ ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸಲಿಲ್ಲ. ಮೊದಲು ಬಿಜೆಪಿ ಸರ್ಕಾರ ನಡೆಸಲಿಲ್ಲ, ಆಮೇಲೆ ಬಂದ ನಿಮ್ಮದೇ ಕಾಂಗ್ರೆಸ್ ಪಕ್ಷದ ಸರ್ಕಾರವೂ ಮುಂದಕ್ಕೆ ಹಾಕುತ್ತ ಹೋಯಿತು. ನಡುವಿನ ಮೆಟ್ಟಿಲು ಕಿತ್ತ ಮೇಲೆ ಮೇಲಿನ ಅಟ್ಟಕ್ಕೆ ಸೊಸೆ, ಮಗಳು, ಹೆಂಡತಿಯರನ್ನು ಬಿಟ್ಟು ಬೇರೆ ಯಾರು ಹತ್ತಲು ಸಾಧ್ಯ?

2023ರ ಸೆಪ್ಟೆಂಬರ್‌ನಲ್ಲಿ ಮಹಿಳಾ ಮೀಸಲಾತಿ ಮಸೂದೆ ಲೋಕಸಭೆಯಲ್ಲಿ 454 ಮತಗಳಿಂದ ಪಾಸಾದಾಗ ನಮ್ಮೂರಲ್ಲಿ ಸಕ್ಕರೆ ಹಂಚಿದೆವು. ಜನಗಣತಿ, ಕ್ಷೇತ್ರ ಪುನರ್ವಿಂಗಡಣೆ ಆದ ಮೇಲಷ್ಟೇ ಜಾರಿ ಅನ್ನುವುದು ಆಮೇಲೆ ತಿಳಿಯಿತು. 2024ರ ಚುನಾವಣೆ ಆ ಕಾನೂನಿಲ್ಲದೆಯೇ ಮುಗಿಯಿತು, 543ರಲ್ಲಿ ಗೆದ್ದ ಹೆಣ್ಣುಮಕ್ಕಳು 74. ಕೂಡಲೇ ಜಾರಿಗೆ ತನ್ನಿ ಎಂದು ಅಂದು ನಿಮ್ಮ ಪಕ್ಷ ಸದನದಲ್ಲಿ ಕೇಳಿತ್ತು, ಸರಿಯಾಗಿಯೇ ಕೇಳಿತ್ತು. ಆದರೆ ಟಿಕೆಟ್ ಕೊಡಲು ಯಾವ ಗಣತಿಯೂ ಬೇಕಿರಲಿಲ್ಲ. ರಾಜ್ಯದ 28 ಕ್ಷೇತ್ರಗಳಲ್ಲಿ ಕಾಂಗ್ರೆಸ್ ಹೆಣ್ಣುಮಕ್ಕಳಿಗೆ ಕೊಟ್ಟದ್ದು ಆರು, ಬಿಜೆಪಿ ಕೊಟ್ಟದ್ದು ಎರಡು. ಗೆದ್ದವರು ನೀವು, ಚಿಕ್ಕೋಡಿಯ ಪ್ರಿಯಾಂಕಾ ಜಾರಕಿಹೊಳಿ, ಬೆಂಗಳೂರು ಉತ್ತರದ ಶೋಭಾ ಕರಂದ್ಲಾಜೆ. ಶೋಭಾ ಅವರು ಮಂತ್ರಿಯಾಗಿದ್ದಾರೆ, ಸರ್ಕಾರವನ್ನು ಎದ್ದುನಿಂತು ಪ್ರಶ್ನಿಸುವ ಜಾಗದಲ್ಲಿರುವವರು ನೀವಿಬ್ಬರೇ.

ಹಾಗಾಗಿ ಕೇಳುತ್ತೇನೆ. ಸದನದಲ್ಲಿ ಈ ಕಾನೂನಿನ ಬಗ್ಗೆ ಪ್ರತಿ ಅಧಿವೇಶನದಲ್ಲೂ ಪ್ರಶ್ನೆ ಹಾಕಿ. ಪಕ್ಷದೊಳಗೆ ಅದಕ್ಕಿಂತ ಗಟ್ಟಿಯಾಗಿ ಕೇಳಿ. ನಿಮ್ಮ ಪಕ್ಷದ ಅಧ್ಯಕ್ಷರಾದ ಖರ್ಗೆ ಸಾಹೇಬರು ನಮ್ಮ ಜಿಲ್ಲೆಯವರೇ. ಕಲಬುರಗಿ ಪರಿಶಿಷ್ಟ ಜಾತಿಗೆ ಮೀಸಲು. ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರ, ಯಾದಗಿರಿ ಸೇರಿರುವ ರಾಯಚೂರು ಪರಿಶಿಷ್ಟ ಪಂಗಡಕ್ಕೆ ಮೀಸಲು. ಪಂಚಾಯ್ತಿಯಿಂದ ಮೇಲೆ ಬಂದ ದಲಿತ ಹೆಣ್ಣುಮಗಳೊಬ್ಬಳು, ಬೇಡರ ಮನೆಯ ಹೆಣ್ಣುಮಗಳೊಬ್ಬಳು ಇಲ್ಲಿಂದ ದಿಲ್ಲಿಗೆ ಯಾಕೆ ಹೋಗಬಾರದು ಅಂತ ಅವರನ್ನು ಕೇಳಿ. ತೊಗರಿ ಹೊಲದಲ್ಲಿ ದುಡಿದು, ಬೇಸಿಗೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಪುಣೆ, ಹೈದರಾಬಾದಿಗೆ ಗುಳೆ ಹೋಗಿ ಬಂದವಳಿಗೆ ಸಂಸತ್ತಿನಲ್ಲಿ ಏನು ಹೇಳಬೇಕೆಂದು ಬೇರೆಯವರು ಬರೆದುಕೊಡಬೇಕಿಲ್ಲ.

ನೀವು ಉತ್ತರ ಬರೆದರೆ ನಮ್ಮ ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಓದಿ ಹೇಳುತ್ತೇನೆ. ಅಲ್ಲಿ ಕೂಡುವ ಹದಿನಾಲ್ಕು ಮಂದಿಯಲ್ಲಿ ನಾಲ್ವರು ಪಂಚಾಯ್ತಿ ಸದಸ್ಯರಾಗಿದ್ದವರು.

ಇಂತಿ,
ಆಳಂದ ತಾಲ್ಲೂಕಿನ ಮಾಜಿ ಗ್ರಾಮ ಪಂಚಾಯ್ತಿ ಅಧ್ಯಕ್ಷೆ